ಮೊದಲು ಜಗಳದವರ ಮನೆಯ ಚಹಾ

ತೊಫಜ್ಜಲ್ ಮೃಧಾ ತೀರಿಕೊಂಡು ನಿನ್ನೆಗೆ ನಲವತ್ತು ದಿನ. ಅವನ ಮನೆಯಂಗಳದಲ್ಲಿ ನಲವತ್ತರ ಊಟ ಹಾಕಿದರು. ಅವನ ಹೆಂಡತಿ ಮೊರ್ಜಿನಾ ಭಾಬಿ ಅಷ್ಟು ದುಃಖದಲ್ಲೂ ನೆನಪಿಟ್ಟುಕೊಂಡು, ಮಾಂಸ ತಿನ್ನದ ನನಗೆ ಬೇರೆ ಒಲೆಯಲ್ಲಿ ಬೇಳೆ, ಬದನೆಕಾಯಿ ಮಾಡಿಸಿದ್ದರು. ಊಟ ಮುಗಿಸಿ ಮನೆಗೆ ಬಂದು ಜಗಲಿಯ ಮೇಲೆ ಎಂದಿನಂತೆ ಎರಡು ಕುರ್ಚಿ ಹಾಕಿದೆ. ಹಾಕಿದ ಮೇಲೆ ಒಂದನ್ನು ಒಳಗಿಡಲು ಮನಸ್ಸು ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೃಧಾ ಪೊಲೀಸಿನವನು. ಕಾನ್‌ಸ್ಟೇಬಲ್ಲಾಗಿ ಸೇರಿ ಮೂವತ್ತನಾಲ್ಕು ವರ್ಷಕ್ಕೆ ಸಬ್ ಇನ್ಸ್‌ಪೆಕ್ಟರಾಗಿ ನಿವೃತ್ತನಾದ. ಕಳ್ಳರನ್ನು ಹಿಡಿದ ಕತೆ ಹೇಳೆಂದು ನನ್ನ ಮೊಮ್ಮಕ್ಕಳು ಪೀಡಿಸಿದರೆ ಅವನು ಹೇಳುವುದು ಒಂದೇ: "ನಾನು ಜನ್ಮದಲ್ಲಿ ಹಿಡಿದಿದ್ದು ಲಾಂಚು ಮಾತ್ರ ಕಣ್ರೋ. ಅದೂ ಅರ್ಧ ಸಲ ತಪ್ಪಿಹೋಗ್ತಿತ್ತು."

ಅದು ನಿಜ. ಅವನ ಕೆಲಸವೆಲ್ಲ ಹೊಳೆಯ ಮೇಲೆ, ಲಾಂಚಿನ ಕೆಳಮಹಡಿಯಲ್ಲಿ, ಬಗಲಲ್ಲಿ ಒಂದು ಕಡತ ಇಟ್ಟುಕೊಂಡು. ಸರ್ಕಾರಿ ಸೇವೆಯ ದೊಡ್ಡ ಪರೀಕ್ಷೆಯನ್ನು ಲಕ್ಷಗಟ್ಟಲೆ ಮಕ್ಕಳು ಬರೆಯುತ್ತಾರೆ. ಎರಡು ಮೂರು ವರ್ಷ ಜರಡಿ ಹಿಡಿದ ಮೇಲೆ ಉಳಿದವರನ್ನು ಆಯೋಗ ಶಿಫಾರಸು ಮಾಡುತ್ತದೆ. ಅಲ್ಲಿಗೂ ಮುಗಿಯುವುದಿಲ್ಲ. ಆ ಹೆಸರುಗಳು ಜಿಲ್ಲೆ ಜಿಲ್ಲೆಗೆ ಬಂದು ಮೃಧಾನಂಥವರ ಮೇಜಿನ ಮೇಲೆ ಬೀಳುತ್ತವೆ. ಹುಡುಗ ಎಂಥವನು, ಮನೆತನ ಎಂಥದು, ನೆಂಟರಿಷ್ಟರ ಮೇಲೆ ಏನಾದರೂ ಕೇಸಿದೆಯೇ ಎಂದು ಊರಿಗೆ ಹೋಗಿ ವಿಚಾರಿಸಿ ಬರೆಯಬೇಕು. ವರದಿ ಸರಿಯಿದ್ದರೆ ಹೆಸರು ಗೆಜೆಟ್ಟಿನಲ್ಲಿ ಬರುತ್ತದೆ. ಇಲ್ಲದಿದ್ದರೆ ಇಲ್ಲ. ಏಕೆ ಬರಲಿಲ್ಲ ಎಂದು ಯಾರೂ ಹೇಳುವುದಿಲ್ಲ, ಕೇಳಲು ಬಾಗಿಲೂ ಇಲ್ಲ.

ಅವನ ಕಚೇರಿಯ ಗೋಡೆಯ ಮೇಲೆ ದೇಶದ ಪೊಲೀಸ್ ಮಹಾನಿರೀಕ್ಷಕರ ಪಟ ಇರುತ್ತಿತ್ತು. ಮೃಧಾ ತನ್ನ ಸೇವೆಯಲ್ಲಿ ಹದಿಮೂರು ಮಹಾನಿರೀಕ್ಷಕರನ್ನು ಕಂಡ, ಹದಿಮೂರನ್ನೂ ಪಟದಲ್ಲಿ. ಹೊಸಬರು ಬಂದಾಗ ಹಳೆಯ ಪಟ ಇಳಿಸಿ ಹೊಸದನ್ನು ತೂಗುಹಾಕುವ ಕೆಲಸ ಅವನದೇ. ಪ್ರತಿ ಹೊಸ ಪಟದ ಹಿಂದೆಯೇ ರಾಜಧಾನಿಯಿಂದ ಒಂದು ಸುತ್ತೋಲೆ ಬಂದು ವರದಿಯ ನಮೂನೆಗೆ ಒಂದು ಕಾಲಮ್ಮು ಸೇರುತ್ತಿತ್ತು, ಇಲ್ಲವೇ ಹೋಗುತ್ತಿತ್ತು. "ಪಟ ಬದಲಾಗುತ್ತೆ, ಕಾಲಮ್ಮು ಬದಲಾಗುತ್ತೆ, ಮೊಳೆ ಮಾತ್ರ ಅದೇ. ನಾನು ಆ ಮೊಳೆ ಜಾತಿಯವನು ದಾದಾ" ಎನ್ನುತ್ತಿದ್ದ. ನನ್ನನ್ನು ಅವನು ಕರೆಯುತ್ತಿದ್ದುದು ದಾದಾ, ಅಣ್ಣ, ಎಂದೇ.

ಅವನಿಗೆ ಕೆಲಸದಲ್ಲಿ ಒಂದು ಪದ್ಧತಿ ಇತ್ತು. ಊರಿಗೆ ಹೋದರೆ ಮೊದಲು ಅಭ್ಯರ್ಥಿಯ ಮನೆಗೆ ಹೋಗುತ್ತಿರಲಿಲ್ಲ. ಮಸೀದಿಯ ಇಮಾಮರ ಬಳಿಗೋ ಮೇಷ್ಟರ ಬಳಿಗೋ ಹೋಗುತ್ತಿರಲಿಲ್ಲ. ಲಾಂಚು ನಿಲ್ಲುವ ಘಾಟಿನ ಚಹಾ ಅಂಗಡಿಯಲ್ಲಿ ನಿಂತು, ಇಂಥವರನ್ನು ಕಂಡರೆ ಈ ಊರಲ್ಲಿ ಯಾರಿಗೆ ಆಗುವುದಿಲ್ಲ ಎಂದು ಕೇಳಿಕೊಂಡು, ನೇರವಾಗಿ ಆ ಜಗಳದವರ ಮನೆಗೆ ಹೋಗಿ ಕೂರುತ್ತಿದ್ದ. "ಜಗಳದವರ ಮನೆ ಚಹಾಕ್ಕೆ ಸಕ್ಕರೆ ಕಮ್ಮಿ, ಸುದ್ದಿ ಜಾಸ್ತಿ. ಹೊಗಳೋರು ಅರ್ಧ ಮರೀತಾರೆ. ಜಗಳದವನು ತಾರೀಖಿನ ಸಮೇತ ನೆನಪಿಟ್ಟಿರ್ತಾನೆ" ಎಂಬುದು ಅವನ ಸಿದ್ಧಾಂತ. ಒಮ್ಮೆ ಒಬ್ಬ ಹುಡುಗನ ಬಗ್ಗೆ ಕೇಳಿದಾಗ, ಗದ್ದೆಯ ಬದುವಿಗಾಗಿ ಇಪ್ಪತ್ತು ವರ್ಷದಿಂದ ಕಾದಾಡುತ್ತಿದ್ದ ಪಕ್ಕದ ಮನೆಯ ಮುದುಕಿ, ಆ ಮನೆಯವರೆಲ್ಲ ಕಳ್ಳ ಸಂತಾನ, ಈ ಒಬ್ಬ ಹುಡುಗ ಮಾತ್ರ ಅದು ಹೇಗೋ ಕೈತಪ್ಪಿ ಒಳ್ಳೆಯವನು ಹುಟ್ಟಿಬಿಟ್ಟಿದ್ದಾನೆ ಎಂದಳಂತೆ. ಮೃಧಾ ಅಷ್ಟನ್ನೂ ಕೇಳಿಕೊಂಡು ಬಂದು ವರದಿಯಲ್ಲಿ ಬರೆದದ್ದು, ಅಭ್ಯರ್ಥಿಯ ನಡತೆ ಉತ್ತಮ, ಎಂದು.

ಈ ಪದ್ಧತಿ ಅವನಿಗೆ ಹುಟ್ಟಿನಿಂದ ಬಂದದ್ದಲ್ಲ. ಒಂದು ದಿನ ಅವನು ಹಾಗೆ ಮಾಡದಿದ್ದುದರಿಂದ ಬಂದದ್ದು. ಆ ದಿನ ಅವನು ಮೊದಲು ಬಂದದ್ದು ನನ್ನ ಬಳಿಗೆ.

ಆಗ ನಾನು ಶಿಮುಲ್‌ಖಾಲಿಯ ಶಾಲೆಯಲ್ಲಿ ಬಂಗಾಳಿ ಕಲಿಸುತ್ತಿದ್ದೆ. ಮಾಘ ಮಾಸದ ಮಂಜಿಗೆ ಬೆಳಗಿನ ಲಾಂಚು ಮೂರು ಗಂಟೆ ತಡವಾಗಿ ಬಂದಿತ್ತು. ಕಡತ ಹಿಡಿದ ಒಬ್ಬ ಸಣಕಲು ಮನುಷ್ಯ ಘಾಟಿನಿಂದ ನೆಟ್ಟಗೆ ಶಾಲೆಗೆ ಬಂದು, ಹಸ್ನಾಹೆನಾ ನಿಮ್ಮ ವಿದ್ಯಾರ್ಥಿನಿಯೇ ಎಂದು ಕೇಳಿದ. ನನಗೆ ಹೆಮ್ಮೆಯಿಂದ ಎದೆ ಉಬ್ಬಿತು. ನಮ್ಮ ಊರಿನಿಂದ ಆ ಪರೀಕ್ಷೆ ಪಾಸಾದ ಮೊದಲ ಹೆಣ್ಣುಮಗು ಹೆನಾ. ಅದೂ ಪೊಲೀಸ್ ಅಧಿಕಾರಿಯ ಹುದ್ದೆಗೆ. ಅವಳ ತಂದೆ ಲಾಂಚು ನಡೆಸುವ ಸಾರಂಗ, ಅವಳು ನಾಲ್ಕನೇ ತರಗತಿಯಲ್ಲಿದ್ದಾಗಲೇ ತೀರಿಹೋಗಿದ್ದ. ತಾಯಿ ಜೋಬೇದಾ ಪೇರಳೆ ತೋಟದ ಕಾಲುವೆಗಳಲ್ಲಿ ದೋಣಿಗೆ ಹುಟ್ಟು ಹಾಕುತ್ತ ಹಣ್ಣು ಮಾರಿ ಸಾಕಿದಳು. ಓದಿಸಿದವನು ಸೋದರಮಾವ ಕೊಬಾದ್.

ನಾನು ಆ ಅಪರಿಚಿತನಿಗೆ ಹುಡುಗಿಯ ಜಾಣ್ಮೆಯನ್ನು ಹೇಳಿದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಆ ಮಾವ ಎಂಥ ಮಾವ ಎಂದು ವರ್ಣಿಸತೊಡಗಿದೆ. ಘಾಟಿನ ಹರತಾಳದಲ್ಲಿ ಟಿಕೆಟ್ ಮನೆ ಸುಟ್ಟ ಕೇಸಿನಲ್ಲಿ ಒಳಗೆ ಹೋದಾಗಲೂ, ತನ್ನ ಜಾಮೀನು ಹಾಗಿರಲಿ, ಹೆನಾಳ ಪರೀಕ್ಷೆಯ ಫೀಸು ಕಟ್ಟಿ ಎಂದು ಜೈಲಿನಿಂದ ಹೇಳಿಕಳಿಸಿದ್ದ ಎಂದೆ. ಹೇಳುವಾಗ ನನಗೆ ಕಣ್ಣು ತುಂಬಿ ಬಂದಿತ್ತು. ಅವನು ಬರೆದುಕೊಂಡ. ಮೂರೂಮುಕ್ಕಾಲಿಗೆ ಕೊನೆಯ ಲಾಂಚು. ಆ ವಾರ ಅವನ ಕಡತದಲ್ಲಿ ಇನ್ನೂ ಹತ್ತು ಹೆಸರಿದ್ದವು, ಮನೆಯಲ್ಲಿ ಮಗಳಿಗೆ ಜ್ವರ. ಮೇಷ್ಟರಿಗಿಂತ ಒಳ್ಳೆಯ ಸಾಕ್ಷಿ ಯಾರಿದ್ದಾರೆ ಎಂದುಕೊಂಡು ಬೇರೆ ಯಾರ ಮನೆಗೂ ಹೋಗದೆ ಲಾಂಚು ಹತ್ತಿದ.

ಅಭ್ಯರ್ಥಿಯನ್ನು ಸಾಕಿದ ಸೋದರಮಾವ ವಿಧ್ವಂಸಕ ಪ್ರಕರಣವೊಂದರ ಆರೋಪಿ, ಜೈಲುವಾಸ ಅನುಭವಿಸಿದ್ದಾನೆ. ವರದಿಯ ಈ ಸಾಲಿನ ಪಕ್ಕದಲ್ಲಿ ಆಧಾರ ಎಂಬಲ್ಲಿ, ವಿಶ್ವಸನೀಯ ಗುಪ್ತ ಮೂಲ, ಎಂದಿತ್ತು. ಆ ಗುಪ್ತ ಮೂಲ ನಾನು.

ಗೆಜೆಟ್ಟಿನಲ್ಲಿ ಹೆನಾಳ ಹೆಸರು ಬರಲಿಲ್ಲ.

ಎರಡು ವರ್ಷದ ಮೇಲೆ ಬೇರೆ ಯಾರದೋ ವಿಚಾರಣೆಗೆ ಬಂದ ಮೃಧಾ, ಘಾಟಿನ ಗುತ್ತಿಗೆ ಹಿಡಿದಿದ್ದ ಹಾತೆಮ್ ಸಿಕ್ದಾರನ ಜಗಲಿಯಲ್ಲಿ ಚಹಾ ಕುಡಿಯುತ್ತ ಕೂತಿದ್ದ. ಸಿಕ್ದಾರ ಮಾತಿನ ನಡುವೆ ಕೊಬಾದನನ್ನು ಬೈದ. ಬೈಯುತ್ತ ಬೈಯುತ್ತ, ಟಿಕೆಟ್ ಮನೆಯ ಕೇಸು ಹಾಕಿದವನು ತಾನೇ ಎಂದೂ, ಆಮೇಲೆ ರಾಜಿ ಮಾಡಿಕೊಂಡು ತಾನೇ ಹಿಂತೆಗೆದುಕೊಂಡೆನೆಂದೂ ಹೇಳಿದ. ಮೃಧಾ ಲೋಟ ಕೆಳಗಿಟ್ಟು ತಾರೀಖು ಕೇಳಿದ. ಅವನು ವರದಿ ಬರೆಯುವುದಕ್ಕೆ ಏಳು ತಿಂಗಳು ಮೊದಲೇ ಕೇಸು ಮುಗಿದುಹೋಗಿತ್ತು.

ಅಂದು ಅವನು ಹುಡುಕಿಕೊಂಡು ಬಂದು ನನಗೆ ಇದನ್ನೆಲ್ಲ ಹೇಳಿದ. ನಮ್ಮ ಸ್ನೇಹ ಶುರುವಾದದ್ದು ಹಾಗೆ. ಮೇಲಿನವರಿಗೆ ಅವನು ತಿದ್ದುಪಡಿಯ ಪತ್ರ ಬರೆದ. ಮುಗಿದ ಕಡತವನ್ನು ತೆರೆಯಲಾಗದು ಎಂಬ ಒಂದು ಸಾಲಿನ ಉತ್ತರವೂ, ಬೇಡದ ಉಸಾಬರಿಗೆ ಒಂದು ಎಚ್ಚರಿಕೆಯೂ ಬಂದವು. ಅವನು ಮತ್ತೆ ಬರೆದ. ಮತ್ತೆ ಅದೇ ಉತ್ತರ. ಅಷ್ಟರಲ್ಲಿ ಹೆನಾಳ ವಯಸ್ಸು ಮೀರಿತು. ಅವಳು ಊರಿಗೇ ಬಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕ ಕಲಿಸತೊಡಗಿದಳು.

ಮೃಧಾನ ಸ್ವಂತ ಊರನ್ನು ಹೊಳೆ ತಿಂದಿತ್ತು. ನಿವೃತ್ತನಾದ ಮೇಲೆ ನಮ್ಮ ಘಾಟಿನ ಹತ್ತಿರವೇ ತಗಡಿನ ಮನೆ ಕಟ್ಟಿದ. ಸಂಜೆಗೊಮ್ಮೆ ಕಾಗದದ ಪೊಟ್ಟಣದಲ್ಲಿ ಮಂಡಕ್ಕಿ ತಂದು ನನ್ನ ಜಗಲಿಯಲ್ಲಿ ಕೂರುವನು. ಶುಕ್ರವಾರ ಹೆನಾ ಬರುವಳು, ತನ್ನ ಹಳೆಯ ಮೇಷ್ಟರನ್ನು ನೋಡಲು. ಅವಳಿಗೆ ಅವನು ನಿವೃತ್ತ ಪೊಲೀಸ್ ಎಂಬುದು ಗೊತ್ತು, ಅಷ್ಟೇ. ಆ ದಿನ ಬಂದ ಅಧಿಕಾರಿಯ ಮುಖವನ್ನು ಅವಳ ಮನೆಯವರು ನೋಡಿರಲೇ ಇಲ್ಲ. ಅವಳು ಅವನಿಗೆ ಪೇರಳೆಹಣ್ಣು ತರುವಳು, ಚಾಚಾ ಎಂದು ಕರೆಯುವಳು, ಜುಗ್ಗ ಎಂದು ಹಾಸ್ಯ ಮಾಡುವಳು. "ಇಷ್ಟು ವರ್ಷ ಪೊಲೀಸಲ್ಲಿದ್ದು ಬರೀ ಮಂಡಕ್ಕಿ ತರೋರು ನೀವೊಬ್ರೇ ಚಾಚಾ." ಅವನು ನಗುವನು. ಅವಳು ಹೋದ ಮೇಲೆ ನಾವಿಬ್ಬರೂ ಸ್ವಲ್ಪ ಹೊತ್ತು ಹೊಳೆ ನೋಡುತ್ತ ಕೂರುವೆವು. ಸ್ನೇಹ ಶುರುವಾದಾಗಿನಿಂದ ಹದಿನಾಲ್ಕು ವರ್ಷ ಅವಳಿಗೆ ಹೇಳದೆಯೇ ಕಳೆದೆವು. ಹೇಡಿತನಕ್ಕೂ ಒಂದು ರೂಢಿ ಇರುತ್ತದೆ, ಅದಕ್ಕೂ ದಿನಾ ಸಂಜೆ ಚಹಾ ಬೇಕಾಗುತ್ತದೆ.

ಆಮೇಲೆ ಸರ್ಕಾರ ಬದಲಾಯಿತು. ಹಿಂದೆ ಗೆಜೆಟ್ಟಿನಿಂದ ಬಿಟ್ಟುಹೋದವರ ಕಡತಗಳನ್ನು ಮತ್ತೆ ತೆರೆಯುತ್ತಾರೆಂದು ಸುದ್ದಿ ಬಂತು. ಹೆನಾಳಿಗೆ ಆಗ ನಲವತ್ತಮೂರು. ಅವಳ ಜೊತೆ ಪಾಸಾದವರು ಜಿಲ್ಲೆಗಳ ಮುಖ್ಯಸ್ಥರಾಗಿದ್ದರು. ಅರ್ಜಿ ಹಾಕುವುದೋ ಬೇಡವೋ ಎಂದು ಅವಳು ತಿಂಗಳುಗಟ್ಟಲೆ ಅನುಮಾನಿಸಿದಳು. ಕೊನೆಗೆ ಹಾಕಿದಳು. ಇನ್ನೊಮ್ಮೆ ವಿಚಾರಣೆ ನಡೆಯಬೇಕು, ಇನ್ನೊಂದು ವರದಿ ಹೋಗಬೇಕು.

ಮೃಧಾನ ಮೂತ್ರಪಿಂಡಗಳು ಆ ಹೊತ್ತಿಗೆ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಬರಿಸಾಲ್ ಪಟ್ಟಣಕ್ಕೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬರುತ್ತಿದ್ದ. ವಿಚಾರಣೆಗೆ ಇಮ್ತಿಯಾಜ್ ಎಂಬ ಹೊಸ ಸಬ್ ಇನ್ಸ್‌ಪೆಕ್ಟರ್ ಬಂದಿದ್ದಾನೆ ಎಂದು ಘಾಟಿನಲ್ಲಿ ಕೇಳಿದವನೇ ಆಸ್ಪತ್ರೆಯಲ್ಲಿ ಕೈಗೆ ಸುತ್ತಿದ್ದ ಪಟ್ಟಿ ಬಿಚ್ಚದೆಯೇ ಹೋಗಿ ಅವನ ಎದುರು ನಿಂತ. ನಾನೂ ಹಿಂದೆ ಹೋದೆ. ಇಮ್ತಿಯಾಜ್ ಸಭ್ಯ ಹುಡುಗ. ಮೇಷ್ಟರ ಮನೆಗೇ ಹೊರಟಿದ್ದೆ ಎಂದ. ಮೃಧಾ ಅವನ ತೋಳು ಹಿಡಿದುಕೊಂಡ.

"ಮೇಷ್ಟರ ಮನೆಗೆ ಆಮೇಲೆ. ಮೇಷ್ಟ್ರು ಒಳ್ಳೇದೇ ಹೇಳ್ತಾರೆ, ಅದೇ ತೊಂದರೆ. ಮೊದಲು ನನ್ನ ಜೊತೆ ಬಾ."

ಸಿಕ್ದಾರನಿಗೆ ಆಗಲೇ ಎಂಬತ್ತಾರು. ಎರಡೂ ಕಣ್ಣು ಹೋಗಿದ್ದವು. ಹೆಜ್ಜೆಯ ಸಪ್ಪಳಕ್ಕೆ ಯಾರು ಎಂದು ಕೇಳಿದ.

"ಮೃಧಾ, ಕಾಕಾ."

"ಯಾವ ಮೃಧಾ? ಸತ್ತಿಲ್ವಾ ಇನ್ನೂ?"

"ವಾರಕ್ಕೆರಡು ಸಲ ಸಾಯ್ತೀನಿ. ಸಾಯಂಕಾಲದ ಹೊತ್ತಿಗೆ ಬದುಕಿ ಬರ್ತೀನಿ."

ಮುದುಕ ನಕ್ಕು ಚಹಾ ತರಲು ಕೂಗಿದ. ಕೊಬಾದ್ ತೀರಿಹೋಗಿ ಐದು ವರ್ಷವಾಗಿತ್ತು. ಅವನ ಹೆಸರೆತ್ತಿದೊಡನೆ ಸಿಕ್ದಾರನ ದನಿಯೇರಿತು. ಸತ್ತರೇನಂತೆ, ಶತ್ರು ಶತ್ರುವೇ, ನನ್ನ ಕಾಲುವೆಯಿಂದ ತೆಗೆದ ಮಣ್ಣು ಈಗಲೂ ಅವನ ತೋಟದ ದಿಬ್ಬದ ಮೇಲಿದೆ ಎಂದ. ಇಮ್ತಿಯಾಜ್ ಟಿಕೆಟ್ ಮನೆಯ ಕೇಸಿನ ಬಗ್ಗೆ ಕೇಳಿದ.

"ಬೆಂಕಿ ಹಾಕಿದ್ದು ಅವನಲ್ಲ. ಅವನೇ ಅಂತ ಬರೆಸಿದ್ದು ನಾನು. ವಾಪಸ್ ತಗೊಂಡಿದ್ದೂ ನಾನೇ."

"ಯಾಕೆ ವಾಪಸ್ ತಗೊಂಡ್ರಿ?"

"ಅವನು ಒಳಗಿದ್ದಷ್ಟು ದಿನ ಈ ಊರಲ್ಲಿ ಜಗಳ ಆಡೋಕೆ ಸರಿಯಾದ ಒಬ್ಬ ಗಂಡಸಿರ್ಲಿಲ್ಲ ಕಣಪ್ಪ."

ಮಂಚದ ಕೆಳಗಿನ ತಗಡಿನ ಪೆಟ್ಟಿಗೆಯನ್ನು ಸೊಸೆಯಿಂದ ಎಳೆಸಿದ. ಬೆರಳಿನಿಂದ ತಡವಿ ತಡವಿ, ಕೋರ್ಟಿನ ಮೊಹರಿದ್ದ ರಾಜಿಪತ್ರವನ್ನು ತಾನೇ ತೆಗೆದುಕೊಟ್ಟ. ಇಷ್ಟು ವರ್ಷ ಅದು ಅಲ್ಲೇ ಇತ್ತು. ಹೆನಾಳ ಮನೆಯವರಿಗೆ ಅದು ಬೇಕಾದೀತೆಂದು ಗೊತ್ತಿರಲಿಲ್ಲ, ಏಕೆಂದರೆ ಕಾರಣವನ್ನೇ ಯಾರೂ ಹೇಳಿರಲಿಲ್ಲ. ಹೋಗುವಾಗ ಹುಡುಗಿಯ ಬಗ್ಗೆ ಏನು ಹೇಳುತ್ತೀರಿ ಎಂದು ಇಮ್ತಿಯಾಜ್ ಕೇಳಿದ್ದಕ್ಕೆ ಮುದುಕ, ನಾನು ಯಾರೆಂದು ಗೊತ್ತಿದ್ದೂ ನನ್ನ ಮೊಮ್ಮಗಳಿಗೆ ಎರಡು ವರ್ಷ ಲೆಕ್ಕ ಹೇಳಿಕೊಟ್ಟಳು, ಅದಕ್ಕಿಂತ ಹೆಚ್ಚು ಏನು ಬರೆದುಕೊಳ್ಳುತ್ತೀಯ ಎಂದ. ಇಮ್ತಿಯಾಜ್ ಮೊಬೈಲಿನಲ್ಲಿ ಪತ್ರದ ಫೋಟೋ ತೆಗೆದ. ಮೃಧಾ ಅಷ್ಟಕ್ಕೆ ಬಿಡಲಿಲ್ಲ. ಕೇಸಿನ ನಂಬರನ್ನು ಕೈಯಾರೆ ಬರೆಸಿ, ಎರಡು ಸಲ ಓದಿಸಿ ಕೇಳಿದ.

ವಾಪಸ್ಸು ಬರುವಾಗ ದೋಣಿಯಲ್ಲಿ ಅವನು ನನಗೆ, ಈ ಶುಕ್ರವಾರ ಹೆನಾಳಿಗೆ ಹೇಳಿಬಿಡುತ್ತೇನೆ ಎಂದ. ನಾನು ತಡೆದೆ. ಇಷ್ಟು ವರ್ಷ ಕಾದಿದ್ದೇವೆ, ಗೆಜೆಟ್ ಬರಲಿ, ಅವಳ ಮನಸ್ಸು ಆಗ ಹಗುರವಾಗಿರುತ್ತದೆ ಎಂದೆ. ಅವನು ನೀರಿನಲ್ಲಿ ಕೈ ಅದ್ದಿಕೊಂಡು ಕೂತಿದ್ದ.

"ಗೆಜೆಟ್ ಬಂದ ಮೇಲೆ ಹೇಳಿದ್ರೆ ಅದು ಕ್ಷಮೆ ಕೇಳಿದ ಹಾಗಾಗಲ್ಲ ದಾದಾ, ಬಹುಮಾನ ಕೇಳಿದ ಹಾಗಾಗುತ್ತೆ."

ಶುಕ್ರವಾರ ಅವಳು ಬಂದಳು. ಅವನು ಕುರ್ಚಿಯಿಂದ ಎದ್ದು ನಿಂತೇ ಹೇಳಿದ, ಮೇಲಧಿಕಾರಿಯ ಮುಂದೆ ವರದಿ ಒಪ್ಪಿಸುವವನಂತೆ. ತಾರೀಖು, ಮಂಜು, ಲಾಂಚಿನ ಹೊತ್ತು, ತಾನು ಬರೆದ ಸಾಲು, ಆ ಸಾಲು ಬರೆಯುವಾಗಲೇ ಸುಳ್ಳಾಗಿದ್ದದ್ದು. ಮಾಹಿತಿ ಎಲ್ಲಿಂದ ಬಂತು ಎಂಬುದನ್ನು ಮಾತ್ರ ಬಿಟ್ಟ. ಗುಪ್ತ ಮೂಲ ಎಂದ. ಹದಿನಾರು ವರ್ಷದಿಂದ ಅವನು ಆ ಮಾತನ್ನು ಹಾಗೆಯೇ ಕಾಪಾಡಿಕೊಂಡು ಬಂದಿದ್ದ. ಅದನ್ನು ಹೇಳುವುದು ನನ್ನ ಪಾಲಿಗಿತ್ತು. ಹೇಳಿದೆ.

ಹೆನಾ ಕೇಳಿದ್ದು ಕೆಲಸದ ವಿಷಯವನ್ನಲ್ಲ.

"ಅವತ್ತು ಊರಿಗೆ ಬಂದಿದ್ರಿ. ನಮ್ಮನೆಗೆ ಯಾಕೆ ಬರಲಿಲ್ಲ?"

"ಲಾಂಚು ಹೊರಟುಬಿಡ್ತಿತ್ತಮ್ಮ."

"ಅಮ್ಮ ಇದ್ದಿದ್ದೊಂದು ಕೋಳಿ ಕೊಯ್ದು ಅಡುಗೆ ಮಾಡಿದ್ಳು. ಕತ್ತಲಾಗೋವರೆಗೂ ಇಬ್ರೂ ತಿನ್ನದೆ ಬಾಗಿಲಲ್ಲಿ ಕೂತಿದ್ವಿ. ಬಡವರ ಮನೆ ಅನ್ನ ಅಂತ ಸಾಹೇಬ್ರು ಬರಲಿಲ್ಲ, ಅದಕ್ಕೇ ನಿನ್ನ ಹೆಸರು ಬರಲಿಲ್ಲ ಅಂದ್ಕೊಂಡೇ ಸತ್ತಳು, ಚಾಚಾ."

ಅವಳು ಚೀಲ ತೆಗೆದುಕೊಂಡು ಎದ್ದುಹೋದಳು. ಮುಂದಿನ ಶುಕ್ರವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಮೃಧಾ ಮಾತ್ರ ಎರಡೂ ಶುಕ್ರವಾರ ಮಂಡಕ್ಕಿಯ ಪೊಟ್ಟಣ ಒಂದು ಹೆಚ್ಚಿಗೆ ತಂದ. ಬರದಿದ್ದರೂ ಅದು ನ್ಯಾಯವೇ ಎಂದ. ಅವನ ಕಾಲು ಆ ವಾರ ಊದಿಕೊಂಡಿತ್ತು.

ಮೂರನೆಯ ಶುಕ್ರವಾರ ನಮಾಜು ಮುಗಿಯುವ ಹೊತ್ತಿಗೆ ಅವಳು ಮೂರು ಅಂತಸ್ತಿನ ಬುತ್ತಿ ಹಿಡಿದು ಬಂದಳು. ಕೋಳಿ ಸಾರು, ಅನ್ನ. ನನಗೆ ಮೇಲಿನ ಡಬ್ಬಿಯಲ್ಲಿ ಬೇರೆ ಪಲ್ಯ. ಮೃಧಾನಿಗೆ ವೈದ್ಯರು ಏನೇನು ಬೇಡವೆಂದಿದ್ದಾರೆ ಎಂದು ಮೊರ್ಜಿನಾ ಭಾಬಿಯನ್ನು ಕೇಳಿಕೊಂಡು, ಆಲೂಗಡ್ಡೆ ಬಿಟ್ಟು, ಉಪ್ಪು ಬಿಟ್ಟು ಮಾಡಿದ್ದಳು. ತಟ್ಟೆ ತೊಳೆದು ಬಡಿಸಿ ಎದುರಿಗೆ ಕೂತಳು. ಅವನು ಎರಡು ತುತ್ತು ತಿಂದು ತಲೆ ಎತ್ತಿದ.

"ಅವತ್ತೂ ಹೀಗೇ ಇತ್ತೇನಮ್ಮ?"

"ಅವತ್ತು ಉಪ್ಪಿತ್ತು, ಚಾಚಾ."

ಅವನು ನಕ್ಕ. ನಗುತ್ತಲೇ ಅತ್ತ. ಅವಳು ಅವನ ತಟ್ಟೆಗೆ ಇನ್ನೊಂದು ತುಂಡು ಹಾಕಿದಳು. ಕ್ಷಮಿಸಿದ್ದೇನೆ ಎಂದು ಅವಳೂ ಹೇಳಲಿಲ್ಲ, ಕ್ಷಮಿಸು ಎಂದು ಅವನೂ ಹೇಳಲಿಲ್ಲ. ಅಂದು ತಟ್ಟೆಯಲ್ಲಿ ಒಂದಗುಳೂ ಉಳಿಯಲಿಲ್ಲ. ನನ್ನ ಕಡೆ ತಿರುಗಿ ಅವಳು, "ಮೇಷ್ಟ್ರೇ, ನೀವು ಹೊಗಳೋದು ಕಮ್ಮಿ ಮಾಡಿ" ಎಂದಳು. ನನಗೆ ಅಷ್ಟೇ ಶಿಕ್ಷೆ.

ಅದಾಗಿ ಐದು ವಾರಕ್ಕೆ ಬರಿಸಾಲಿನ ಆಸ್ಪತ್ರೆಯಲ್ಲಿ, ಮಧ್ಯಾಹ್ನ, ಯಂತ್ರಕ್ಕೆ ಕೈ ಕೊಟ್ಟುಕೊಂಡೇ ಮೃಧಾ ಹೋಗಿಬಿಟ್ಟ. ಆ ದಿನ ಸಾಯಂಕಾಲ ಬದುಕಿ ಬರಲಿಲ್ಲ. ಹನ್ನೊಂದು ದಿನದ ಮೇಲೆ ಗೆಜೆಟ್ ಬಂತು. ನೂರ ಹದಿನೆಂಟನೆಯ ಹೆಸರು ಅವಳದು. ಪತ್ರಿಕೆ ಹಿಡಿದು ನಾನು ಅವನ ಗೋರಿಯ ಬಿದಿರು ಬೇಲಿಯ ಹೊರಗೆ ನಿಂತು ಓದಿದೆ. ಅವನಿಗೆ ಹೇಗೆ ಬೇಕಿತ್ತೋ ಹಾಗೆ: ಹೆಸರು, ತಂದೆಯ ಹೆಸರು, ಊರು, ಹುದ್ದೆ. ಎರಡು ಸಲ.

ಹೆನಾ ಈಗ ತರಬೇತಿಯಲ್ಲಿದ್ದಾಳೆ. ಇಪ್ಪತ್ತಾರರ ಮಕ್ಕಳ ಜೊತೆ ಬೆಳಗ್ಗೆ ಐದಕ್ಕೆ ಓಡುತ್ತಾಳಂತೆ. ಮಂಡಿ ಊದುತ್ತದೆ, ಅವರು ನನ್ನನ್ನು ಖಾಲಾ, ಚಿಕ್ಕಮ್ಮ, ಎನ್ನುತ್ತಾರೆ ಎಂದು ಫೋನಿನಲ್ಲಿ ದೂರಿದಳು. ಮೃಧಾನ ಕಚೇರಿಯ ಆ ಮೊಳೆಗೆ ಮಹಾನಿರೀಕ್ಷಕಿಯಾಗಿ ಅವಳ ಪಟ ಹತ್ತುವುದಿಲ್ಲ. ಅಷ್ಟು ವರ್ಷ ಅವಳ ಬಳಿ ಉಳಿದಿಲ್ಲ. ಅದನ್ನು ತಿಂದದ್ದು ನಾವು, ಮತ್ತು ಒಂದು ಲಾಂಚು.

ನಿನ್ನೆಯ ಊಟಕ್ಕೆ ಇಮ್ತಿಯಾಜನೂ ಬಂದಿದ್ದ. ಕೈ ತೊಳೆದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಈ ಸಲದ ಪಟ್ಟಿಯಲ್ಲಿ ನಿಮ್ಮ ಇನ್ನೊಬ್ಬ ಹಳೆಯ ವಿದ್ಯಾರ್ಥಿ ಇದ್ದಾನೆ, ನೇಕಾರರ ಮನೆಯ ಹುಡುಗ, ಎರಡು ಮಾತು ಹೇಳಿ ಎಂದ. ನನ್ನ ಬಾಯಿಗೆ ಹೊಗಳಿಕೆ ಬಂದಿತ್ತು. ತಡೆದುಕೊಂಡು ಕೇಳಿದೆ.

"ಬೆಳಗ್ಗೆ ಚಹಾ ಎಲ್ಲಿ ಆಯ್ತು?"

"ಜಗಳದವರ ಮನೇಲೇ ಮೇಷ್ಟ್ರೇ" ಎಂದ. "ಸಕ್ಕರೆ ಹಾಕಿರ್ಲಿಲ್ಲ."

ಹಾಗಾದರೆ ಕೂತುಕೋ ಎಂದೆ. ಕಂಡದ್ದನ್ನಷ್ಟೇ ಹೇಳಿದೆ.